ನೋಟಕ್ಕೆ ದಕ್ಕದ್ದು

ಕೈಯಲ್ಲಿ ಟಿಕೆಟ್ ಇದ್ದರೂ ಬಾಗಿಲಲ್ಲಿ ತಡೆಸಿಕೊಳ್ಳಲು ಉಟ್ಟ ಬಟ್ಟೆ ಸಾಕು. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ, ತಲೆಯ ಮೇಲೆ ಗಂಟು ಹೊತ್ತ ರೈತರೊಬ್ಬರನ್ನು ಬಟ್ಟೆ ಕೊಳೆಯಾಗಿದೆಯೆಂದು ತಡೆದರು. ಅದೇ ವರ್ಷದ ಜುಲೈನಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದ ಹಿರಿಯರನ್ನು ಪಂಚೆ ಉಟ್ಟಿದ್ದಾರೆಂದು ಮಾಗಡಿ ರಸ್ತೆಯ ಮಾಲ್ ಒಳಗೆ ಬಿಡಲಿಲ್ಲ. ಮೊದಲನೆಯದರಲ್ಲಿ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದರು. ಎರಡನೆಯದರಲ್ಲಿ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲೇ ಹೇಳಿತು. ಆದರೆ ಮಗನ ಎದುರು ಅಪ್ಪ ಹಾಗೆ ನಿಲ್ಲಬೇಕಾಗಿ ಬಂದ ಹೊತ್ತನ್ನು ಯಾವ ಆದೇಶವೂ ಅಳಿಸಲಾರದು.

ಆ ಹೊತ್ತು ನನಗೆ ಅಪರಿಚಿತವಲ್ಲ. ನನ್ನ ಮೈಬಣ್ಣ ಕಪ್ಪು, ಉಡುವುದು ನೂಲಿನ ಸೀರೆ. ಅಂಗಡಿಗೆ ಕಾಲಿಟ್ಟರೆ ಬೆಲೆ ಕೇಳುವ ಮುಂಚೆಯೇ ಅಗ್ಗದ ಸೀರೆಗಳ ರಾಶಿ ಎದುರಿಗೆ ಬಂದು ಬೀಳುತ್ತದೆ; ‘ಈ ಬಣ್ಣ ನಿಮಗೆ ಒಪ್ಪಲ್ಲ ಮೇಡಂ’ ಎಂಬ ಮಾತೂ ಜೊತೆಗೆ. ಪಾಠ ಹೇಳಲು ಕಾಲೇಜಿಗೆ ಸೇರಿದ ದಿನ ಬಾಗಿಲಲ್ಲಿ, ‘ಕ್ಲೀನಿಂಗ್‌ಗೆ ಬಂದವರಾ?’ ಎಂದು ಕೇಳಿದ್ದರು. ಕಸ ಗುಡಿಸುವ ಕೆಲಸ ಕೀಳೆಂದು ನನಗೆ ನೋವಾಗಲಿಲ್ಲ. ಆ ಕೆಲಸಕ್ಕೊಂದು ಮೈಬಣ್ಣವಿದೆಯೆಂದು ಅವರು ನಂಬಿದ್ದರಲ್ಲ, ಅದಕ್ಕೆ ನೋವಾಯಿತು.

ತಿರಸ್ಕಾರವನ್ನು ಗುರುತಿಸುವುದು ಸುಲಭ. ಮೆಚ್ಚುಗೆಯೂ ಅದೇ ತಪ್ಪು ಮಾಡಬಲ್ಲದೆಂಬುದು ಬೇಗ ಹೊಳೆಯುವುದಿಲ್ಲ. 2021ರ ನವೆಂಬರ್‌ನಲ್ಲಿ ತುಳಸಿ ಗೌಡರು ತಮ್ಮ ಹಾಲಕ್ಕಿ ಸಮುದಾಯದ ಉಡುಗೆಯಲ್ಲಿ, ಬರಿಗಾಲಲ್ಲಿ ನಡೆದುಹೋಗಿ ಪದ್ಮಶ್ರೀ ಪಡೆದಾಗ, ನನ್ನ ಸುತ್ತಲಿನವರು ಕೊಂಡಾಡಿದ್ದು ಅವರ ಮುಗ್ಧತೆಯನ್ನು. ಅಂಕೋಲಾದ ಹೊನ್ನಳ್ಳಿಯ ಆ ಅಜ್ಜಿ ದಶಕಗಳ ಕಾಲ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದವರು. ಯಾವ ಮರದ ಬೀಜವನ್ನು ಯಾವಾಗ ಆಯಬೇಕು, ಹೇಗೆ ಮೊಳೆಸಬೇಕು ಎಂಬುದನ್ನು ಬಲ್ಲವರಾಗಿದ್ದರು. ಅದು ಮುಗ್ಧತೆಯಲ್ಲ, ವಿದ್ಯೆ. ಅದೇ ತಿಂಗಳು ಪದ್ಮಶ್ರೀ ಪಡೆದ ಹರೇಕಳ ಹಾಜಬ್ಬ ಮಂಗಳೂರಿನಲ್ಲಿ ಕಿತ್ತಳೆ ಮಾರಿದ ದುಡ್ಡು ಕೂಡಿಟ್ಟು ತಮ್ಮೂರಿಗೆ ಶಾಲೆ ತಂದವರು. ಅವರ ಬಿಳಿ ಪಂಚೆ, ಬರಿಗಾಲು ನೋಡಿ ಮರುಗಿ ಸುಮ್ಮನಾದರೆ, ಶಾಲೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ಅವರ ಛಲ ನಮಗೆ ಕಾಣದೇ ಹೋಗುತ್ತದೆ. ಕೀಳಾಗಿ ಕಂಡವರೂ ಕೈಮುಗಿದವರೂ ಮಾತಾಡಿಸದೆ ಮುಂದೆ ಹೋದರೆ, ಇಬ್ಬರೂ ನೋಡಿದ್ದು ಬಟ್ಟೆಯನ್ನೇ.

ಆದ್ದರಿಂದ ನನ್ನ ತರಗತಿಗೆ ಹೊಸ ಮಕ್ಕಳು ಬಂದಾಗ ಅಂಕ, ಊರು ವಿಚಾರಿಸುವ ಮೊದಲು, ‘ನಿಮಗೆ ಚೆನ್ನಾಗಿ ಬರುವ ಕೆಲಸ ಯಾವುದು?’ ಎಂದು ಕೇಳುತ್ತೇನೆ. ಕೂದಲಿಗೆ ಕೆಂಪು ಬಣ್ಣ ಹಚ್ಚಿದ ಹುಡುಗ ನಸುಕಿನಲ್ಲೇ ಎದ್ದು ಅಪ್ಪನ ಜೊತೆ ಮಾರ್ಕೆಟ್ಟಿನಲ್ಲಿ ಹೂವಿನ ಮೂಟೆ ಇಳಿಸುತ್ತಾನೆ. ತಲೆಯೆತ್ತದೆ ಕೂರುವ ಹುಡುಗಿ ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿ ಜೋಡಿಸಬಲ್ಲಳು. ಇವು ಯಾವುವೂ ಮುಖದ ಮೇಲೆ ಬರೆದಿರುವುದಿಲ್ಲ.

ಮೊದಲ ನೋಟಕ್ಕೆ ಏನೋ ಒಂದು ಅನಿಸಿಯೇ ಅನಿಸುತ್ತದೆ. ಅದನ್ನೇ ತೀರ್ಪು ಮಾಡಿಕೊಳ್ಳದಿರುವುದು ನಮ್ಮ ಕೈಯಲ್ಲಿದೆ. ಅದಕ್ಕೆ ದೊಡ್ಡ ಔದಾರ್ಯವೇನೂ ಬೇಡ. ಒಂದು ಪ್ರಶ್ನೆ ಕೇಳಿ, ಉತ್ತರ ಮುಗಿಯುವವರೆಗೆ ಕಾಯುವ ವ್ಯವಧಾನ ಸಾಕು. ಜನರಿಂದ ನನಗೆ ಬೇಕಾಗಿದ್ದುದು ಅಷ್ಟೇ. ನಾನು ಅವರಿಗೆ ಕೊಡಬೇಕಾದದ್ದೂ ಅದನ್ನೇ.