ಬಿಸಿಯಾದರೆ ನಿಲ್ಲುವ ವ್ಯಾನುಗಳು

ದೋಹಾದ ಇಂಡಸ್ಟ್ರಿಯಲ್ ಏರಿಯಾಕ್ಕೆ ಅಲ್ಲಿ ದುಡಿಯುವವರು ಸನಯ್ಯ ಎನ್ನುತ್ತಾರೆ. ಸಲ್ವಾ ರಸ್ತೆಯ ಪಕ್ಕದ ಈ ಪ್ರದೇಶದಲ್ಲಿ ಬೀದಿಗಳಿಗೆ ಇರುವುದು ನಂಬರು. ತೊಂಬತ್ತರ ದಶಕದಲ್ಲಿ ಬಂಟ್ವಾಳದ ಕಡೆಯಿಂದ ಬಂದು ಇಲ್ಲಿನ ಗ್ಯಾರೇಜೊಂದಕ್ಕೆ ಸೇರಿದ ಮೆಕ್ಯಾನಿಕ್ ಒಬ್ಬರಿಗೆ ನವೆಂಬರ್ ಅಂದರೆ ಹಳೆಯ ವ್ಯಾನುಗಳ ತಿಂಗಳು. ಬಿಸಿಲು ಇಳಿದ ಕೂಡಲೇ ಮೆಸಯೀದ್ ಆಚೆಯ ಸೀಲೈನ್ ತೀರಕ್ಕೆ, ಇನ್ನೂ ದಕ್ಷಿಣದ ಖೋರ್ ಅಲ್ ಅದೈದ್‌ಗೆ ಕತಾರಿ ಕುಟುಂಬಗಳು ಡೇರೆ ಹೂಡಲು ಹೊರಡುತ್ತವೆ. ಒಳಗೆ ಹಾಸಿಗೆ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಕೂರಿಸಿದ ಟೊಯೊಟಾ ಹೈಯೇಸ್, ನಿಸ್ಸಾನ್ ಅರ್ವಾನ್‌ಗಳು ಬೇಸಿಗೆಯಿಡೀ ಧೂಳು ತಿನ್ನುತ್ತ ನಿಂತಿದ್ದು, ಆಗ ಒಮ್ಮೆಗೇ ಗ್ಯಾರೇಜಿಗೆ ಬರುತ್ತಿದ್ದವು.

ದೂರು ಹೆಚ್ಚಾಗಿ ಒಂದೇ. ಓಡುತ್ತ ಓಡುತ್ತ ಆಫ್ ಆಗುತ್ತದೆ, ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ.

ಕೆಟ್ಟು ನಿಂತೇಬಿಟ್ಟ ಎಂಜಿನ್ನನ್ನು ಬಿಚ್ಚಿ ನೋಡಬಹುದು. ಇದು ಹಾಗಲ್ಲ. ರಿಕವರಿ ಗಾಡಿ ಹೇರಿಕೊಂಡು ಬರುವಷ್ಟರಲ್ಲಿ ವ್ಯಾನು ತಣ್ಣಗಾಗಿರುತ್ತದೆ, ಕೀಲಿ ತಿರುಗಿಸಿದರೆ ಸಲೀಸಾಗಿ ಹೊತ್ತಿಕೊಳ್ಳುತ್ತದೆ. ಇಂಥದ್ದನ್ನು ಹಿಡಿಯುವ ವಿದ್ಯೆ ಅವರಿಗೆ ಊರಿನಲ್ಲೇ ಸಿಕ್ಕಿತ್ತು. ಶಿರಾಡಿ ಘಾಟಿ ಏರುವಾಗ ಅಂಬಾಸಿಡರ್ ಉಸಿರು ಕಟ್ಟಿ ನಿಂತರೆ ಡ್ರೈವರುಗಳು ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಬಿಸಿಗೆ ಪೈಪಿನೊಳಗಿನ ಪೆಟ್ರೋಲು ಆವಿಯಾಗಿ, ಪಂಪು ದ್ರವದ ಬದಲು ಗುಳ್ಳೆ ಎಳೆಯತೊಡಗುತ್ತದೆ. ಹೈಯೇಸ್‌ನಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಸೀಟು ಮಡಚಿದರಷ್ಟೇ ಕೈ ಹೋಗುವ ಜಾಗ. ಕಾರ್ಬ್ಯುರೇಟರ್ ಕಾಲದ ವ್ಯಾನುಗಳಿಗೆ ಅಲ್ಲಿ ಕಟ್ಟಿಕೊಳ್ಳುವ ಶಾಖವೇ ಶತ್ರು.

ಸ್ಪ್ಯಾನರ್ ಮುಟ್ಟುವ ಮೊದಲು ಅವರು ಡ್ರೈವರನ್ನು ಕೇಳುತ್ತಿದ್ದರು: ಒಮ್ಮೆಗೇ ಆಫ್ ಆಯಿತೋ, ಜಗ್ಗಿ ಜಗ್ಗಿ ನಿಂತಿತೋ? ಸ್ವಿಚ್ ಆರಿಸಿದ ಹಾಗೆ ನಿಂತರೆ ಹೆಚ್ಚಾಗಿ ಕರೆಂಟಿನ ತಕರಾರು: ಬಿಸಿಯಾದಾಗ ಒಳಗೇ ಸೋರುವ ಇಗ್ನಿಷನ್ ಕಾಯಿಲ್, ಇಗ್ನೈಟರ್, ಇಲ್ಲವೇ ಕಡಲ ಉಪ್ಪುಗಾಳಿಗೆ ಕಿಲುಬು ಹಿಡಿದ ಅರ್ಥ್ ವೈರ್. ಪಿಕಪ್ ಇಳಿದು, ಮಿಸ್ ಹೊಡೆದು, ಕೊನೆಗೆ ನಿಂತರೆ ಪೆಟ್ರೋಲಿನ ದಾರಿಯಲ್ಲಿ ಹುಡುಕಬೇಕು. ಈ ಒಂದು ಪ್ರಶ್ನೆಯಿಂದ ಅರ್ಧ ಕೆಲಸ ಮುಗಿಯುತ್ತಿತ್ತು. ಹಿಂದಿ, ಮಲಯಾಳಂ, ಮುರುಕು ಅರಬ್ಬಿ, ಯಾವುದರಲ್ಲಾದರೂ ಉತ್ತರ ಸಿಕ್ಕರೆ ಸಾಕು.

ಸೀಲೈನ್‌ನಿಂದ ಬಂದ ಒಂದು ಹೈಯೇಸ್‌ನ ಕಥೆಯನ್ನು ಜೊತೆಗಿದ್ದವರು ಈಗಲೂ ಹೇಳುತ್ತಾರೆ. ಬೇರೆ ಕಡೆ ಅದರ ಫಿಲ್ಟರ್ ಬದಲಾಗಿತ್ತು, ಕಾರ್ಬ್ಯುರೇಟರ್ ತೊಳೆದಾಗಿತ್ತು. ಆದರೂ ಮುಕ್ಕಾಲು ಗಂಟೆ ಓಡಿದ ಮೇಲೆ ಜಗ್ಗಿ ನಿಲ್ಲುವುದು ತಪ್ಪಲಿಲ್ಲ. ಈ ಮೆಕ್ಯಾನಿಕ್ ಅದು ನಿಲ್ಲುವವರೆಗೂ ಓಡಿಸಿಕೊಂಡೇ ಹೋದರು. ನಿಂತ ಜಾಗದಲ್ಲೇ, ಜೊತೆಗೆ ಬಂದಿದ್ದ ಪುತ್ತೂರಿನ ಹುಡುಗನೊಬ್ಬ ಕೇಳಿದ, “ಪಂಪ್ ಚೇಂಜ್ ಮಾಡುವುದಾ ಅಣ್ಣ?”

“ಮೊದಲು ಟ್ಯಾಂಕಿನ ಮುಚ್ಚಳ ತೆಗಿ ಮಾರಾಯ.”

ಮುಚ್ಚಳ ಸಡಿಲಿಸಿದ್ದೇ ತಡ, ಗಾಳಿ ಭುಸ್ಸೆಂದು ಒಳಗೆ ನುಗ್ಗಿತು. ಮುಚ್ಚಳದ ಉಸಿರುಗಂಡಿಯಲ್ಲಿ ಮರಳಿನ ನುಣ್ಣನೆ ಪುಡಿ ಗಟ್ಟಿಯಾಗಿ ಕೂತಿತ್ತು. ಪೆಟ್ರೋಲು ಖಾಲಿಯಾದಷ್ಟೂ ಗಾಳಿ ಒಳಬಾರದೆ ಟ್ಯಾಂಕಿನಲ್ಲಿ ನಿರ್ವಾತ ಹೆಚ್ಚುತ್ತ, ಕೊನೆಗೆ ಪಂಪಿನ ಎಳೆತವನ್ನೇ ಸೋಲಿಸುತ್ತಿತ್ತು. ನಿಂತಾಗ ಹೇಗೋ ಗಾಳಿ ಜಿನುಗಿ ಮತ್ತೆ ಸರಿಹೋಗುತ್ತಿತ್ತು. ಒಂದು ಸಣ್ಣ ತಂತಿಯಲ್ಲಿ ರಂಧ್ರ ಕೆದಕಿದ್ದಷ್ಟೇ ರಿಪೇರಿ.

ಫ್ಯೂಯೆಲ್ ಇಂಜೆಕ್ಷನ್ ಬಂದ ಮೇಲೆ ಕೆಲಸದ ರೀತಿ ಬದಲಾಯಿತು. ಆ ಕಾಲದ ಟೊಯೊಟಾಗಳಲ್ಲಿ ಡಯಾಗ್ನೋಸಿಸ್ ಡಬ್ಬಿಯ ಎರಡು ಪಿನ್ನುಗಳಿಗೆ ತುಂಡು ವೈರು ಜೋಡಿಸಿದರೆ ಮೀಟರಿನ ಎಂಜಿನ್ ದೀಪ ಮಿಣುಕಿ ದೋಷದ ನಂಬರು ಹೇಳುತ್ತಿತ್ತು. ಒಂದು ಮಿಣುಕು, ತಡೆದು ಎರಡು ಮಿಣುಕು ಎಂದರೆ 12: ಎಂಜಿನ್ ತಿರುಗುವ ಸಿಗ್ನಲ್ ಕಂಪ್ಯೂಟರಿಗೆ ತಲುಪುತ್ತಿಲ್ಲ. ಆಮೇಲೆ ಸ್ಕ್ಯಾನರ್ ಬಂತು, ಗ್ಯಾರೇಜಿನಲ್ಲಿ ಪ್ರಶ್ನೆ ಕೇಳುವುದು ಕಡಿಮೆಯಾಯಿತು. ಸ್ಕ್ಯಾನರ್ ಒಳ್ಳೆಯ ಉಪಕರಣವೇ; ಆದರೆ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಮಾತ್ರ ಕೈಕೊಡುವಾಗ ಎಷ್ಟೋ ಸಲ ಯಾವ ಕೋಡನ್ನೂ ಉಳಿಸಿಹೋಗುವುದಿಲ್ಲ. ಕೋಡ್ ಇಲ್ಲದ್ದಕ್ಕೆ ಗಾಡಿ ಸರಿಯಿದೆ ಎಂದು ಗಿರಾಕಿಯನ್ನು ಕಳಿಸಿ, ಆತ ಮರಳಿನ ನಡುವೆ ಮಕ್ಕಳೊಂದಿಗೆ ಸಿಕ್ಕಿಬಿದ್ದರೆ ಅದು ಸಣ್ಣ ಮಾತಲ್ಲ. ಖೋರ್ ಅಲ್ ಅದೈದ್‌ಗೆ ಡಾಂಬರು ರಸ್ತೆಯೇ ಇಲ್ಲ.

2017ರ ಜೂನ್‌ನಲ್ಲಿ ನೆರೆ ದೇಶಗಳು ಕತಾರಿನೊಂದಿಗೆ ಸಂಬಂಧ ಕಡಿದುಕೊಂಡು, ಸೌದಿ ಕಡೆಯ ಅಬು ಸಮ್ರಾದ ಗಡಿ ಮುಚ್ಚಿದಾಗ ಬಿಡಿಭಾಗದ ಪೇಟೆ ತತ್ತರಿಸಿತು. ಅಲ್ಲಿಯವರೆಗೆ ಬಹಳಷ್ಟು ಸರಕು ದುಬೈನ ಜೆಬೆಲ್ ಅಲಿ ಬಂದರಿನ ಮೂಲಕ ಬರುತ್ತಿತ್ತು. ಒಮಾನಿನ ಸೊಹಾರ್‌ನಿಂದ ಕತಾರಿನ ಹಮದ್ ಬಂದರಿಗೆ ಹಡಗು ಓಡತೊಡಗಿದರೂ, ಹಳೆಯ ವ್ಯಾನಿನ ಡಿಸ್ಟ್ರಿಬ್ಯೂಟರ್‌ನಂಥ ಸಾಮಾನಿಗೆ ಗುಜರಿಯೇ ಗತಿಯಾಯಿತು. ಗಡಿ ಮತ್ತೆ ತೆರೆದದ್ದು 2021ರ ಜನವರಿಯಲ್ಲಿ. ಈ ನಡುವೆ 2020ರ ಮಾರ್ಚ್‌ನಲ್ಲಿ ಕೊರೊನಾ ತಡೆಗೆಂದು ಸನಯ್ಯದ 1ರಿಂದ 32ನೇ ಬೀದಿವರೆಗೆ ಸೀಲ್‌ಡೌನ್ ಆಗಿ, ಗ್ಯಾರೇಜುಗಳ ಷಟರ್ ಎಳೆಯಲಾಗಿತ್ತು. ಕೆಲವು ಹಳಬರು ಆ ಬಳಿಕ ಊರಿಗೆ ಮರಳಿದವರು ಮತ್ತೆ ಬರಲಿಲ್ಲ.

ಬಂಟ್ವಾಳದವರೂ ಈಗ ಊರಿನಲ್ಲೇ ಇದ್ದಾರೆ. ಪುತ್ತೂರಿನ ಹುಡುಗ ಫೋರ್‌ಮನ್ ಆಗಿದ್ದಾನೆ. ಹಳೆಯ ಕ್ಯಾಂಪರ್ ಬಂದರೆ ಸ್ಕ್ಯಾನರನ್ನು ಸಿಕ್ಕಿಸಿಕೊಂಡೇ ಮೆಸಯೀದ್ ರಸ್ತೆಯಲ್ಲಿ ಓಡಿಸುತ್ತಾನೆ; ಎಂಜಿನ್ ನಿಂತ ಮೇಲೆ ಸೆಲ್ಫ್ ಹೊಡೆದಾಗ ಆರ್‌ಪಿಎಂ ಸೊನ್ನೆಯಲ್ಲೇ ಉಳಿದರೆ ಕ್ರ್ಯಾಂಕ್ ಸೆನ್ಸರಿನ ವೈರಿಗೆ ಕೈ ಹಾಕುತ್ತಾನೆ. ಜಗ್ಗಿ ನಿಂತಿತೋ, ಒಮ್ಮೆಗೇ ಆಫ್ ಆಯಿತೋ ಎಂಬುದನ್ನು ಮಾತ್ರ ಜಾಬ್ ಕಾರ್ಡಿನ ಮೊದಲ ಸಾಲಿನಲ್ಲಿ ಬರೆಸುತ್ತಾನೆ.