ಹೊಲಿಗೆ ಬಿಚ್ಚಿದ ಮೇಲೆ

ಸಹೋದರಿಯರೇ, ಕ್ಯಾನ್ಸರ್ ಎಂದು ನನ್ನ ಗರ್ಭಕೋಶವನ್ನು ಎರಡೂ ಅಂಡಾಶಯಗಳ ಸಮೇತ ತೆಗೆದಾಗ ನನಗೆ 41 ವರ್ಷ. ಹೊಟ್ಟೆಯ ಗಾಯ ಬೇಗ ಮಾಗಿತು. ಆದರೆ ಅಂಡಾಶಯ ಹೋದರೆ ಮುಟ್ಟು ನಿಲ್ಲುವ ಕಾಲ ಮೆಲ್ಲಗೆ ಬರುವುದಿಲ್ಲ, ಒಮ್ಮೆಲೇ ಬಂದುಬಿಡುತ್ತದೆ. ನಡುರಾತ್ರಿ ಮೈಯೆಲ್ಲ ಬೆಂಕಿ, ಬೆವರು. ಸಣ್ಣ ಮಾತಿಗೂ ಅಳು. ಹಾರ್ಮೋನಿನ ಕೊರತೆಯಿಂದ ಹೀಗಾಗುತ್ತದೆಂದು ಆಸ್ಪತ್ರೆಯಲ್ಲಿ ಯಾರೂ ಮೊದಲೇ ಹೇಳಿರಲಿಲ್ಲ.

ಮರುವರ್ಷದ ರಮಝಾನಿನಲ್ಲಿ ನನ್ನ ಒಂದು ಉಪವಾಸವೂ ತಪ್ಪಲಿಲ್ಲ. "ನೀವು ಅದೃಷ್ಟವಂತೆ ಅತ್ತಿಗೆ, ಕಝಾ ಹಿಡಿಯುವ ಚಿಂತೆಯೇ ಇಲ್ಲ" ಎಂದು ನಾದಿನಿ ನಕ್ಕಳು. ಅವಳದು ಕೆಟ್ಟ ಮನಸ್ಸಲ್ಲ. ನಾನು ಅಡುಗೆ ಮನೆಗೆ ಹೋಗಿ ಅತ್ತುಬಿಟ್ಟೆ. ಮೂರು ಮಕ್ಕಳಿದ್ದಾರೆ, ಇನ್ನೊಂದು ಬೇಕೆಂಬ ಆಸೆಯೂ ಇರಲಿಲ್ಲ. ಆದರೂ!

ಇನ್ನೊಂದು ಮಾತು, ನಾವು ಹೆಂಗಸರು ಹೇಳಲು ನಾಚುವಂಥದ್ದು. ನನಗೆ ನೋವಾದೀತೆಂದು ಪತಿಗೆ ಹೆದರಿಕೆ, ಅವರಿಗೆ ಬೇಡವಾದೆನೇನೋ ಎಂದು ನನಗೆ. ಇಬ್ಬರೂ ಬಾಯಿ ಬಿಡಲಿಲ್ಲ. ತಪಾಸಣೆಗೆ ಹೋದಾಗ ವೈದ್ಯೆಯೇ ಇಬ್ಬರನ್ನೂ ಕೂರಿಸಿದರು. ಕ್ಯಾನ್ಸರ್ ಗಂಡನಿಗೆ ಅಂಟುವುದಿಲ್ಲ, ಒಳಗಿನ ಗಾಯ ಪೂರ್ತಿ ಮಾಗಿದ ಮೇಲೆ ದಾಂಪತ್ಯಕ್ಕೆ ಅಡ್ಡಿಯಿಲ್ಲ, ಒಣಗಿ ನೋವಾದರೆ ಅದಕ್ಕೂ ಔಷಧವಿದೆ ಎಂದರು.

ನಿಮ್ಮಲ್ಲಿ ಯಾರಿಗಾದರೂ ಈ ಶಸ್ತ್ರಕ್ರಿಯೆ ನಿಶ್ಚಯವಾಗಿದ್ದರೆ ಇವನ್ನೆಲ್ಲ ಮೊದಲೇ ಕೇಳಿಕೊಳ್ಳಿ, ಗಂಡನನ್ನೂ ಕರೆದೊಯ್ಯಿರಿ. ವಾರಗಟ್ಟಲೆ ನಿದ್ದೆಯಿಲ್ಲದೆ ಅಳುವೇ ಆದರೆ ಮನೋವೈದ್ಯರನ್ನು ಕಾಣಿ. ನಾನೂ ಹೋಗಿದ್ದೆ. ಆರು ತಿಂಗಳು ಮಾತ್ರೆ ತೆಗೆದುಕೊಂಡೆ.