ಎಡಗಾಲಿನ ಲೆಕ್ಕ

ಎಂಬತ್ತರ ದಶಕದ ನಡುವಿನಲ್ಲಿ ನಾನು ಶಿವಮೊಗ್ಗದ ಬಿ.ಎಚ್. ರಸ್ತೆಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಕೆಲಸಕ್ಕೆ ಸೇರಿದೆ. ಆಗ ನಮ್ಮಲ್ಲಿ ಎಲ್ಲಕ್ಕಿಂತ ಬೇಗ ಖಾಲಿಯಾಗುತ್ತಿದ್ದ ಮಾಲು ಕ್ಲಚ್ ಫೇಸಿಂಗ್ ಮತ್ತು ಹಿತ್ತಾಳೆ ರಿವೆಟ್. ಹೊಸ ಕ್ಲಚ್ ಪ್ಲೇಟ್ ಕೊಳ್ಳುವವರು ಕಡಿಮೆ. ಸವೆದ ಪ್ಲೇಟನ್ನು ಗೋಣಿಯಲ್ಲಿ ಸುತ್ತಿ ತರುತ್ತಿದ್ದರು. ಲೈನಿಂಗ್ ಅಂಗಡಿಯವರು ಹಳೆಯ ಫೇಸಿಂಗ್ ಕಿತ್ತು, ಹೊಸದು ಕೂರಿಸಿ, ರಿವೆಟ್ ಹೊಡೆದು ಕೊಡುತ್ತಿದ್ದರು. ಕಬ್ಬಿನ ಲಾರಿ, ಭದ್ರಾವತಿಯ ಕಾಗದ ಕಾರ್ಖಾನೆ ಎಂಪಿಎಂಗೆ ನೀಲಗಿರಿ ದಿಮ್ಮಿ ಹೊರುವ ಲಾರಿ, ಅಧಿಕಾರಿಗಳ ಅಂಬಾಸಿಡರ್, ಟ್ಯಾಕ್ಸಿ ಸ್ಟ್ಯಾಂಡಿನ ಪದ್ಮಿನಿ, ಎಲ್ಲದಕ್ಕೂ ಇದೇ ದಾರಿ. ಆ ಫೇಸಿಂಗಿನಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳನ್ನು ಬಾಯಿಂದ ಊದಿ ತೆಗೆಯುತ್ತಿದ್ದ ಹುಡುಗರನ್ನು ಕಣ್ಣಾರೆ ಕಂಡಿದ್ದೇನೆ. ಅದು ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ಕಾಲವನ್ನು ಎಷ್ಟೇ ಪ್ರೀತಿಯಿಂದ ನೆನೆದರೂ ಈ ಮಾತನ್ನು ಬಿಟ್ಟು ಬರೆಯಲು ನನಗೆ ಮನಸ್ಸಾಗುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ನ್ಯೂಟೌನಿನಲ್ಲಿ. ಅಪ್ಪ ಅಲ್ಲಿನ ಕಬ್ಬಿಣ-ಉಕ್ಕಿನ ಕಾರ್ಖಾನೆಯ, ಎಂದರೆ ಈಗಿನ ವಿಐಎಸ್‌ಎಲ್‌ನ, ಮೆಷಿನ್ ಶಾಪಿನಲ್ಲಿದ್ದರು. 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಆ ಕಾರ್ಖಾನೆ ಊರಿಗೆ ಸಂಬಳ ಕೊಟ್ಟಿತು, ಜೊತೆಗೆ ಅಳತೆಯ ಶಿಸ್ತನ್ನೂ ಕೊಟ್ಟಿತು. ನಿವೃತ್ತಿಯಾದವರಲ್ಲಿ ಹಲವರು ಬಂದ ಹಣದಲ್ಲಿ ಒಂದು ಲೇತ್ ಕೊಂಡು ಮನೆಯ ಮುಂದಿನ ಶೆಡ್ಡಿನಲ್ಲಿ ಹಾಕಿಕೊಂಡರು. ಶಿವಮೊಗ್ಗದ ಗ್ಯಾರೇಜಿನಲ್ಲಿ ಫ್ಲೈವೀಲ್ ಬಿಚ್ಚಿದರೆ ಅದು ಫೇಸ್ ಹೊಡೆಸಲು ಬಸ್ಸಿನ ಸೀಟಿನ ಕೆಳಗೆ ಕುಳಿತು ಭದ್ರಾವತಿಗೆ ಹೋಗುತ್ತಿತ್ತು. ಶಿವಮೊಗ್ಗದಲ್ಲಿ ಲೇತ್ ಇರಲಿಲ್ಲವೆಂದಲ್ಲ. ಎರಡು ಥೌ (ಇಂಚಿನ ಸಾವಿರದ ಎರಡು ಪಾಲು) ಎಂದರೆ ಎರಡೇ ಥೌ ತೆಗೆಯುವ ಕೈ ಭದ್ರಾವತಿಯಲ್ಲಿತ್ತು, ಅದಕ್ಕೇ ಇಪ್ಪತ್ತು ಕಿಲೋಮೀಟರ್ ಪಯಣ.

ಆಗಿನ ಮೇಸ್ತ್ರಿಗಳು ಕ್ಲಚ್ಚನ್ನು ಕಾಲಿನಿಂದಲೇ ಓದುತ್ತಿದ್ದರು. ಅಂಬಾಸಿಡರಿನ ಪ್ರೆಶರ್ ಪ್ಲೇಟಿನಲ್ಲಿ ಸುತ್ತಲೂ ಕಾಯಿಲ್ ಸ್ಪ್ರಿಂಗು, ಮಧ್ಯೆ ಮೂರು ಬೆರಳು, ಎಂದರೆ ರಿಲೀಸ್ ಲಿವರುಗಳು. ಆ ಮೂರೂ ಬೆರಳು ಒಂದೇ ಎತ್ತರಕ್ಕೆ ಬರದಿದ್ದರೆ ಗಾಡಿ ಎದ್ದೇಳುವಾಗ ನಡುಗುತ್ತದೆ, ಪೆಡಲ್ ಕಾಲಿಗೆ ಅದುರು ಕೊಡುತ್ತದೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಡಯಾಫ್ರಾಮ್ ಸ್ಪ್ರಿಂಗು, ಕೇಬಲ್ ಕ್ಲಚ್ಚು. ಕೇಬಲ್ ಎಳೆದು ನಟ್ ತಿರುಗಿಸಿ, ಪೆಡಲಿನ ತುದಿಯಲ್ಲಿ ಬೇಕಾದಷ್ಟು ಆಟ ಬಿಟ್ಟರೆ ಕೆಲಸ ಮುಗಿಯಿತು. ಹಾಗೆ ನೋಡಿದರೆ ಸುಲಭವೇ. ಆದರೆ ಅದರಲ್ಲೂ ಗೊತ್ತಿದ್ದವರಿಗೆ ಮಾತ್ರ ತಿಳಿಯುವ ಸಂಗತಿ ಒಂದಿತ್ತು. ಫೇಸಿಂಗ್ ಸವೆದಂತೆ ಡಯಾಫ್ರಾಮಿನ ಕೋನ ಬದಲಾಗಿ ಪೆಡಲ್ ಗಟ್ಟಿಯಾಗುತ್ತಾ ಹೋಗುತ್ತದೆ. ದಿನವೂ ಓಡಿಸುವವನ ಕಾಲು ಅದಕ್ಕೆ ಹೊಂದಿಕೊಂಡುಬಿಡುವುದರಿಂದ ಅವನಿಗೆ ಗೊತ್ತೇ ಆಗುವುದಿಲ್ಲ. ಗ್ಯಾರೇಜಿನವರು ಒಮ್ಮೆ ತುಳಿದು, "ಅಣ್ಣಾ, ಕೇಬಲ್ ಕೇಳಬೇಡಿ, ಪ್ಲೇಟೇ ಮುಗಿದಿದೆ" ಅಂದುಬಿಡುತ್ತಿದ್ದರು. ನಾನು ಕೇಬಲ್ ಮಾರಿ ಲಾಭ ಮಾಡಬಹುದಾಗಿದ್ದ ಗಿರಾಕಿಯನ್ನು ಅವರು ಹಾಗೆ ವಾಪಸು ಕರೆದೊಯ್ದಾಗ ನನಗೆ ಅವರ ಮೇಲೆ ಗೌರವ ಹೆಚ್ಚುತ್ತಿತ್ತು.

ತೊಂಬತ್ತರ ದಶಕದಲ್ಲಿ ಓಡಿಸುವ ಖುಷಿಗಾಗಿ ಸೆಡಾನ್ ಕೊಳ್ಳುವವರು ನಮ್ಮ ಕಡೆಯೂ ಹುಟ್ಟಿಕೊಂಡರು. 1994ರಲ್ಲಿ ಎಸ್ಟೀಮ್ ಬಂತು. ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಗಳಲ್ಲಿ ರ‍್ಯಾಲಿ ನಡೆದರೆ ಶಿವಮೊಗ್ಗದ ಹುಡುಗರು ನೋಡಲು ಹೋಗುತ್ತಿದ್ದರು, ಬಂದಮೇಲೆ ತಮ್ಮ ಗಾಡಿಯ ಕ್ಲಚ್ಚಿನ ಬಗ್ಗೆ ದೂರು ಶುರು ಮಾಡುತ್ತಿದ್ದರು. 2000ದ ಹೊತ್ತಿಗೆ ವಿಟೆಕ್ ಎಂಜಿನ್ನಿನ ಹೋಂಡಾ ಸಿಟಿ, 2004ರಲ್ಲಿ ಆಕ್ಟೇವಿಯಾ ಆರ್‌ಎಸ್, 2010ರಲ್ಲಿ ಲೀನಿಯಾ ಟಿ-ಜೆಟ್, 2011ರಲ್ಲಿ ಲೌರಾ ಆರ್‌ಎಸ್. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಮ್ಮೂರ ಮಕ್ಕಳು ಇಂಥವನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಹಬ್ಬಕ್ಕೆ ಊರಿಗೆ ತರುತ್ತಿದ್ದರು. ಗ್ಯಾರೇಜುಗಳಲ್ಲಿ ಅಲ್ಲಿಯವರೆಗೆ ಕೇಳಿರದ ದೂರೊಂದು ಕೇಳತೊಡಗಿದ್ದು ಆಗ. ಕ್ಲಚ್ ಜಾರುತ್ತಿಲ್ಲ, ಗೇರ್ ಬೀಳುತ್ತದೆ, ಏನೂ ಕೆಟ್ಟಿಲ್ಲ. ಆದರೂ "ಕಾಲಿಗೆ ಏನೂ ಗೊತ್ತಾಗ್ತಿಲ್ಲ ಸಾರ್".

ಈ ದೂರನ್ನು ಅನೇಕರು ಶೋಕಿ ಎಂದು ತಳ್ಳಿಹಾಕಿದರು. ನಾನು ಹಾಗೆ ಭಾವಿಸಿಲ್ಲ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಮಳೆಯಲ್ಲಿ ಹತ್ತುವಾಗ ಎದುರಿಗೆ ಬಸ್ಸು ಬಂದರೆ ನಿಲ್ಲಿಸಿ ಮತ್ತೆ ಎತ್ತಬೇಕು. ಪ್ಲೇಟು ಎಲ್ಲಿ ಹಿಡಿಯಲು ಶುರು ಮಾಡಿತು ಎಂಬುದು ಆಗ ಎಡಗಾಲಿಗೆ ತಿಳಿಯಲೇಬೇಕು. ತಿಳಿಯದಿದ್ದರೆ ಒಂದೋ ಗಾಡಿ ಹಿಂದಕ್ಕೆ ಜಾರುತ್ತದೆ, ಇಲ್ಲವೇ ಹಾಫ್ ಕ್ಲಚ್ಚಿನಲ್ಲಿ ಪ್ಲೇಟು ಸುಟ್ಟ ವಾಸನೆ ಬರುತ್ತದೆ. ಹಗುರವಾದ ಪೆಡಲೇ ಒಳ್ಳೆಯ ಪೆಡಲ್ ಎಂಬುದು ಶೋರೂಮಿನ ಮಾತು. ತುಸು ಗಟ್ಟಿಯಿದ್ದರೂ ಸರಿ, ಮೇಲಿಂದ ಕೆಳಗಿನವರೆಗೆ ಒಂದೇ ಹದದಲ್ಲಿ ಇಳಿದು, ಹಿಡಿಯುವ ಜಾಗವನ್ನು ಪ್ರತಿಸಲವೂ ಒಂದೇ ಕಡೆ ತೋರಿಸುವ ಪೆಡಲ್ ಓಡಿಸುವವನಿಗೆ ಬೇಕಾದದ್ದು.

ಸಾಗರ ರಸ್ತೆಯ ಕಡೆ ಗ್ಯಾರೇಜ್ ಇಟ್ಟಿದ್ದ ಮೇಸ್ತ್ರಿಯೊಬ್ಬರು ಪೆಡಲಿಗೆ ಈ ಹದ ತರುವ ಕೆಲಸವನ್ನು ಮನಸ್ಸಿಟ್ಟು ಕಲಿತರು. ಒಮ್ಮೆ ಯುರೋಪಿನ ಸ್ಪೋರ್ಟ್ಸ್ ಸೆಡಾನ್ ಒಂದು ಅವರಲ್ಲಿಗೆ ಬಂತು. ಬೇರೆಲ್ಲೋ ಪೂರಾ ಕ್ಲಚ್ ಸೆಟ್ಟನ್ನೇ ಬದಲಿಸಿದ್ದರು, ಗಾಡಿ ತಂದ ಹುಡುಗನ ದೂರು ಮಾತ್ರ ಹಾಗೇ ಉಳಿದಿತ್ತು. ಮೇಸ್ತ್ರಿ ಗೇರ್‌ಬಾಕ್ಸಿನ ತಂಟೆಗೇ ಹೋಗಲಿಲ್ಲ. ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದರು. ಹೊಸ ಭಾಗವೊಂದನ್ನು ನನ್ನಿಂದ ತರಿಸಿಕೊಂಡಿದ್ದರಿಂದ ನಾನೂ ಅಲ್ಲೇ ಇದ್ದೆ.

"ಬಾ ಇಲ್ಲಿ, ಕೈಲಿ ಒತ್ತಿ ನೋಡು" ಅಂದರು. ಪೆಡಲನ್ನು ಅಂಗೈಯಲ್ಲಿ ಮೆಲ್ಲಗೆ ಒತ್ತಿದೆ. ಮೊದಲು ಗಟ್ಟಿ, ಅರ್ಧ ದಾರಿಗೆ ಬರುತ್ತಲೇ ತಟ್ಟನೆ ಹಗುರ, ತಾನೇ ಕೆಳಗೆ ಎಳೆದುಕೊಂಡು ಹೋದಂತೆ. ಪೆಡಲಿನ ತಲೆಯ ಬಳಿ ಒಂದು ಸಹಾಯಕ ಸ್ಪ್ರಿಂಗ್ ಇತ್ತು. ಪೆಡಲ್ ಮೇಲಿದ್ದಾಗ ಅದು ಮೇಲಕ್ಕೆ ನೂಕುತ್ತದೆ, ನಡುಗೆರೆ ದಾಟಿದ ಮೇಲೆ ಕೆಳಕ್ಕೆ ನೂಕುತ್ತದೆ. ಟ್ರಾಫಿಕ್ಕಿನಲ್ಲಿ ಕಾಲು ನೋಯದಿರಲೆಂದು ಇಟ್ಟದ್ದು. ಆದರೆ ಪ್ಲೇಟು ಹಿಡಿಯುವುದೂ ಹೆಚ್ಚುಕಡಿಮೆ ಅದೇ ನಡುವಿನಲ್ಲಿ. ಡಯಾಫ್ರಾಮ್ ಹೇಳುವ ಸಂಗತಿಯನ್ನು ಈ ಸ್ಪ್ರಿಂಗ್ ಮುಚ್ಚಿಹಾಕುತ್ತಿತ್ತು.

ಅದನ್ನು ಕಳಚಿ ಎಸೆದರಾಯಿತು ಎಂದು ಹುಡುಗ ಹಾರಾಡಿದ. ಮೇಸ್ತ್ರಿ ಒಪ್ಪಲಿಲ್ಲ. ಸ್ಪ್ರಿಂಗ್ ಇಲ್ಲದಿದ್ದರೆ ಪೆಡಲ್ ತನ್ನ ಭಾರಕ್ಕೆ ಕೂದಲೆಳೆಯಷ್ಟು ಕೆಳಗೇ ನಿಲ್ಲಬಹುದು. ಆಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಬಿಸಿಯಾಗಿ ಹಿಗ್ಗಿದ ಬ್ರೇಕ್ ಆಯಿಲ್ ಡಬ್ಬಿಗೆ ಮರಳಲು ದಾರಿ ಇರುವುದಿಲ್ಲ, ಕ್ಲಚ್ ಸದಾ ಅರೆಒತ್ತಿದಂತಿದ್ದು ಪ್ಲೇಟು ಜಾರಿ ಸವೆಯುತ್ತದೆ. ಆದ್ದರಿಂದ ಪೆಡಲನ್ನು ಮೇಲೆ ಹಿಡಿದಿಡಲಷ್ಟೇ ಸಾಕಾಗುವ ಒಂದು ಎಳೆತದ ಸ್ಪ್ರಿಂಗ್ ಬೇಕಿತ್ತು. ಪೆಡಲಿನ ಪ್ಲಾಸ್ಟಿಕ್ ಬುಷ್ ಕೂಡ ಸವೆದು ಪಕ್ಕಕ್ಕೆ ಆಡುತ್ತಿತ್ತು.

ಸವೆದ ಬುಷ್, ಅದರ ಪಿನ್, ಬೇಕಾದ ಸ್ಪ್ರಿಂಗಿನ ಅಳತೆ ಹಿಡಿದು ನಾನು ಭದ್ರಾವತಿಗೆ ಹೋದೆ. ಅಪ್ಪನ ಜೊತೆ ದುಡಿದಿದ್ದ ಹಿರಿಯರೊಬ್ಬರ ಲೇತ್ ಇನ್ನೂ ನಡೆಯುತ್ತಿತ್ತು. "ಮಾಮ, ಇದು ಆಗ್ತದಾ?" ಎಂದೆ. ಅವರು ಬುಷ್ಷನ್ನು ವರ್ನಿಯರಿನಲ್ಲಿ ಅಳೆದು, ಪಿನ್ನನ್ನು ಮೈಕ್ರೋಮೀಟರಿನಲ್ಲಿ ಅಳೆದು, ನೈಲಾನ್ ರಾಡಿನ ತುಂಡನ್ನು ಚಕ್ಕಿಗೆ ಕಟ್ಟಿದರು. ನೈಲಾನ್ ಬಿಸಿಯಾದರೆ ಹಿಗ್ಗಿ ಅಳತೆ ಸುಳ್ಳಾಗುತ್ತದೆಂದು ಕೊನೆಯ ಕಟ್ಟಿಗೆ ಮುಂಚೆ ಮೆಷಿನ್ ನಿಲ್ಲಿಸಿ ಬೀಡಿ ಹಚ್ಚಿದರು. ಬೀಡಿ ಮುಗಿದ ಮೇಲೆ ಮತ್ತೆ ಅಳೆದರು, ಆಮೇಲೆ ಕೊನೆಯ ಕಟ್. ಸ್ಪ್ರಿಂಗ್ ಸುತ್ತುವಾಗ ಬೇಕಾದ ಒಳ ಅಳತೆಗಿಂತ ಸಣ್ಣ ಸರಳನ್ನು ಆರಿಸಿಕೊಂಡರು. ಸ್ಪ್ರಿಂಗ್ ತಂತಿ ಸುತ್ತಿ ಬಿಟ್ಟಕೂಡಲೇ ಬಿಚ್ಚಿಕೊಂಡು ದೊಡ್ಡದಾಗುತ್ತದೆ, ಎಷ್ಟು ದೊಡ್ಡದಾಗುತ್ತದೆ ಎಂಬುದು ತಂತಿಯನ್ನು ಒಮ್ಮೆ ಬಗ್ಗಿಸಿ ನೋಡಿದ ಕೈಗೇ ಗೊತ್ತು. ಜೊತೆಗೆ ಒಯ್ದಿದ್ದ ಇನ್ನೊಂದು ಗಾಡಿಯ ಡ್ಯುಯಲ್ ಮಾಸ್ ಫ್ಲೈವೀಲನ್ನು ಮಾತ್ರ ಅವರು ತಿರುಗಿಸಿ ನೋಡಿ ಹಿಂದೆ ಕೊಟ್ಟರು. "ಇದರೊಳಗೆ ಸ್ಪ್ರಿಂಗ್ ಇದೆ, ಎರಡು ತುಂಡು. ಇದಕ್ಕೆ ಫೇಸ್ ಹೊಡೆಯೋ ಹಂಗಿಲ್ಲ, ಹೊಸದೇ ಹಾಕ್ಸು ಅನ್ನಪ್ಪ." ದುಡ್ಡು ಸಿಗುತ್ತಿದ್ದ ಕೆಲಸವನ್ನು ಹಾಗೆ ಬಿಟ್ಟರು.

ಮೇಸ್ತ್ರಿ ಆ ಮಧ್ಯೆ ಹೈಡ್ರಾಲಿಕ್ ಲೈನಿನ ಕಡೆ ಗಮನ ಕೊಟ್ಟಿದ್ದರು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲಗಳನ್ನು ಕಂಡ ಆಯಿಲ್ ಕಪ್ಪಗೆ ತಿರುಗಿತ್ತು. ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಒಳಗೇ ಇರುವ ಗಾಡಿಗಳಲ್ಲಿ ಗಾಳಿಯ ಗುಳ್ಳೆ ಮೇಲಿಂದ ಬ್ಲೀಡ್ ಮಾಡಿದರೆ ಸುಲಭವಾಗಿ ಹೊರಡುವುದಿಲ್ಲ. ಅವರು ಸಿರಿಂಜಿನಿಂದ ಕೆಳಗಿನಿಂದ ಮೇಲಕ್ಕೆ ಹೊಸ ಆಯಿಲ್ ನೂಕಿದರು. ಒತ್ತಿದಾಗ ಉಬ್ಬುತ್ತಿದ್ದ ರಬ್ಬರ್ ಹೋಸಿನ ಬದಲು ಸ್ಟೀಲ್ ಹೆಣಿಗೆಯ ಹೋಸ್ ಹಾಕಿದರು. ಲೈನಿನ ನಡುವೆ ಆಯಿಲ್ಲನ್ನು ನಿಧಾನಿಸುವ ಸಣ್ಣ ತೂತಿನ ವಾಲ್ವ್ ಇತ್ತು. ಕಾಲು ತಟ್ಟನೆ ಬಿಟ್ಟರೂ ಗೇರ್‌ಬಾಕ್ಸಿಗೆ ಪೆಟ್ಟು ಬೀಳದಿರಲೆಂದು ಕಂಪನಿಗಳು ಇಡುವಂಥದ್ದು. ಕಾಲು ಒಂದು ಹೇಳಿದರೆ ಪ್ಲೇಟು ಕ್ಷಣ ತಡೆದು ಕೇಳುವುದು ಇದರಿಂದಲೇ. ಅದನ್ನು ತೆಗೆಯುವ ಮೊದಲು ಹುಡುಗನಿಗೆ, "ಇನ್ನು ಮೇಲೆ ಕ್ಲಚ್ ಎತ್ತಿ ಬಿಸಾಡೋ ಹಾಗಿಲ್ಲ ಮಗಾ, ಪೆಟ್ಟು ನೇರ ಗೇರ್‌ಬಾಕ್ಸಿಗೆ ಬೀಳ್ತದೆ" ಎಂದು ಎಚ್ಚರಿಸಿದರು.

ಸಿಲಿಂಡರ್ ಬದಲಿಸಿ ಪೆಡಲ್ ಹಗುರ ಮಾಡಿಕೊಡಿ ಎನ್ನುವವರಿಗೆ ಅವರು ಕಾಗದದ ಮೇಲೆ ಲೆಕ್ಕ ಬರೆದು ತೋರಿಸುತ್ತಿದ್ದರು. ಮಾಸ್ಟರ್ ಸಿಲಿಂಡರಿನ ವ್ಯಾಸ 5/8 ಇಂಚು, ಸ್ಲೇವಿನದು 3/4 ಇಂಚು ಇದ್ದರೆ ಬಲ 1.44 ಪಟ್ಟು ಹೆಚ್ಚುತ್ತದೆ, ಚಲನೆ ಅಷ್ಟೇ ಪಾಲು ಕಡಿಮೆಯಾಗುತ್ತದೆ. ಮಾಸ್ಟರನ್ನು ಇನ್ನೂ ಸಣ್ಣದು ಮಾಡಿದರೆ ಕಾಲಿಗೆ ಹಗುರ, ಆದರೆ ನೆಲದವರೆಗೆ ತುಳಿದರೂ ಕ್ಲಚ್ ಪೂರ್ತಿ ಬಿಡದೆ ರಿವರ್ಸ್ ಗೇರ್ ಕರಕರ ಎನ್ನುತ್ತದೆ. ಎಲ್ಲವನ್ನೂ ಒಟ್ಟಿಗೆ ಪಡೆಯಲು ಆಗದು ಎನ್ನುವುದನ್ನು ಅವರು ಭಾಷಣ ಮಾಡಿ ಹೇಳುತ್ತಿರಲಿಲ್ಲ, ಲೆಕ್ಕದಲ್ಲೇ ಒಪ್ಪಿಸುತ್ತಿದ್ದರು.

ಸಂಜೆ ಗಾಡಿಯನ್ನು ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ದಾಟಿ ಸಕ್ರೆಬೈಲಿನವರೆಗೆ ಓಡಿಸಿದರು. ಹುಡುಗ ಮೊದಲು ಪೆಡಲ್ ಭಾರವಾಯಿತೆಂದ. ಮಂಡಗದ್ದೆಯವರೆಗೆ ತಾನೇ ಓಡಿಸುತ್ತೇನೆಂದು ಹೋಗಿ ಬಂದಮೇಲೆ ಆ ಮಾತು ಎತ್ತಲಿಲ್ಲ. ಎರಡರಿಂದ ಮೂರಕ್ಕೆ ಹಾಕುವಾಗ ಗಾಡಿ ಹೇಗೆ ಸರಾಗ ಹರಿಯುತ್ತದೆಂಬುದನ್ನೇ ಹೇಳುತ್ತಿದ್ದ.

ಇಂಥ ಕೆಲಸಕ್ಕೆ ಬೇಕಾದ ಎರಡು ಊರುಗಳ ಜೋಡಿ ಮಾತ್ರ ಸಡಿಲವಾಗುತ್ತಾ ಬಂತು. 1998ರಲ್ಲಿ ಭದ್ರಾವತಿಯ ಕಾರ್ಖಾನೆ ಪೂರ್ತಿಯಾಗಿ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೈಲ್‌ಗೆ ಸೇರಿತು, ಹೊಸಬರ ನೇಮಕ ಕಡಿಮೆಯಾಯಿತು. 2015ರಲ್ಲಿ ಎಂಪಿಎಂ ಉತ್ಪಾದನೆ ನಿಂತು ಮರದ ಲಾರಿಗಳೂ ನಿಂತವು, ಅವುಗಳ ಹಿಂದೆಯೇ ನಮ್ಮ ಕಡೆಯ ಲೈನಿಂಗ್ ಅಂಗಡಿಗಳು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗೇಟಿನ ಮುಂದೆ ಧರಣಿ ಕುಳಿತವರಲ್ಲಿ ನನ್ನ ಓರಗೆಯವರಿದ್ದರು. ಅದೇ ವರ್ಷ ಫೆಬ್ರವರಿಯಲ್ಲಿ ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ನಿಲ್ದಾಣ ಬಂದದ್ದಕ್ಕೆ ನನಗೆ ಸಂತೋಷವೇ. ಆದರೆ ಒಂದು ಲೇತಿನ ಮುಂದೆ ಒಬ್ಬ ಹುಡುಗ ಪಳಗಲು ಎಷ್ಟು ವರ್ಷ ಬೇಕು, ಕಾರ್ಖಾನೆ ಮುಚ್ಚಿದರೆ ಆ ಪಾಠ ಎಲ್ಲಿ ನಡೆಯಬೇಕು ಎಂದು ಯಾರೂ ಲೆಕ್ಕ ಹಾಕಿದಂತೆ ಕಾಣಲಿಲ್ಲ.

ಗಾಡಿಗಳೂ ಬದಲಾದವು. 2017ರಲ್ಲಿ ಆಕ್ಟೇವಿಯಾ ಆರ್‌ಎಸ್ ಮತ್ತೆ ಬಂದಾಗ ಅದರಲ್ಲಿ ಕ್ಲಚ್ ಪೆಡಲೇ ಇರಲಿಲ್ಲ. 2020ರಲ್ಲಿ ಹ್ಯುಂಡೈ ವೆನ್ಯೂವಿನಲ್ಲಿ ಗೇರ್ ಕೈಯಲ್ಲಿ ಹಾಕುವ, ಕ್ಲಚ್ಚನ್ನು ಯಂತ್ರವೇ ನೋಡಿಕೊಳ್ಳುವ ಐಎಂಟಿ ಬಂತು. ಹಾಗಂತ ಮೂರು ಪೆಡಲಿನ ಸೆಡಾನ್ ಮುಗಿದಿಲ್ಲ. 2022ರಲ್ಲಿ ಸ್ಲಾವಿಯಾ, 2023ರಲ್ಲಿ ಟರ್ಬೊ ವೆರ್ನಾ ಮ್ಯಾನುಯಲ್ ಗೇರಿನಲ್ಲೂ ಬಂದವು. ಅಂಥ ಗಾಡಿ ಕೊಂಡವರು ನಮ್ಮ ಅಂಗಡಿಗೆ ಬಂದು ಪೂರಾ ಕ್ಲಚ್ ಸೆಟ್ಟಿನ ಬೆಲೆ ಕೇಳಿದರೆ ನಾನು ಮೊದಲು ಕೇಳುವುದು, ಬ್ರೇಕ್ ಆಯಿಲ್ ಬದಲಿಸಿ ಎಷ್ಟು ವರ್ಷವಾಯಿತು ಎಂದು. ಆಮೇಲೆ ಪೆಡಲಿನ ಬುಷ್, ಆಮೇಲೆ ಹೋಸ್, ಸ್ಪ್ರಿಂಗ್. ಗೇರ್‌ಬಾಕ್ಸ್ ಇಳಿಸುವ ಮಾತು ಎಲ್ಲಕ್ಕಿಂತ ಕೊನೆಗೆ. ಮೇಸ್ತ್ರಿಯ ಮಗ ಈಗ ಅದೇ ಗ್ಯಾರೇಜ್ ನಡೆಸುತ್ತಿದ್ದಾನೆ, ಸ್ಕ್ಯಾನರ್ ಇಟ್ಟುಕೊಂಡಿದ್ದಾನೆ. ಆದರೂ ಗಾಡಿ ಬಂದಕೂಡಲೇ ಅವನು ಮಾಡುವ ಮೊದಲ ಕೆಲಸ, ಎಂಜಿನ್ ಆಫ್ ಮಾಡಿ ಪೆಡಲನ್ನು ಅಂಗೈಯಲ್ಲಿ ಒತ್ತಿ ನೋಡುವುದು. ಬುಷ್ ಬೇಕಾದರೆ ಈಗಲೂ ಭದ್ರಾವತಿಗೇ ಕಳಿಸುತ್ತಾನೆ.